ಕರೆಂಟ್ ಬಂದ ಮೇಲೆ

“ಲೇ ಮೈಲಾರಿ, ನಾ ಪಗಾರ ಕೊಡೋದು ನಿನ್ನ ತಲಿಗಲ್ಲ, ನಿನ್ನ ಬೆರಳಿಗೆ. ಬೆರಳಿಗೆ ಯಾರರ ರಜಾ ಕೊಡ್ತಾರನು?”

ವೀರಭದ್ರಯ್ಯ ಈ ಮಾತನ್ನು ನನ್ನೊಬ್ಬನಿಗೆ ಹೇಳಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಹೇಳಿದ್ದು ಕೇಬಲ್ ಆಫೀಸಿನ ಕಟ್ಟೆಯ ಮೇಲೆ, ಬೆಳಗಿನ ಚಹಾದ ಹೊತ್ತಿಗೆ, ಎಲ್ಲರ ಎದುರು. ಕೆಳಗಿನ ಬಟ್ಟೆ ಅಂಗಡಿಯ ಪಾಲಾಕ್ಷಪ್ಪ ಬಸಿಯಲ್ಲಿ ಚಹಾ ಊದುತ್ತಿದ್ದವನು ನಕ್ಕು ಮೀಸೆಗೆಲ್ಲ ಸಿಡಿಸಿಕೊಂಡ. ಕೇಬಲ್ ಎಳೆಯುವ ಹುಲುಗಣ್ಣ ನನ್ನ ಗೆಳೆಯ. ಅವನೂ ನಕ್ಕ.

ನಾನು ಕೇಳಿದ್ದು ಗುರುವಾರ ಒಂದು ದಿನದ ರಜೆ. ನಮ್ಮವ್ವ ದ್ಯಾಮಕ್ಕನ ಎರಡೂ ಕಣ್ಣಿಗೆ ಪೊರೆ ಬಂದು, ಒಲೆ ಉರಿಯುತ್ತಿದೆಯೋ ಆರಿದೆಯೋ ಎಂದು ಕೈ ಚಾಚಿ ನೋಡುವ ಮಟ್ಟಕ್ಕೆ ಬಂದಿದ್ದಳು. ಗುರುವಾರ ಹರಪನಹಳ್ಳಿಯಲ್ಲಿ ಕಣ್ಣಿನ ಕ್ಯಾಂಪ್. ಆ ಡಾಕ್ಟರು ಬರುವುದು ವರ್ಷಕ್ಕೊಮ್ಮೆ. ಜೊತೆಗೆ ಮನೆಯವರು ಇಲ್ಲದಿದ್ದರೆ ಸೇರಿಸಿಕೊಳ್ಳುವುದಿಲ್ಲವೆಂದು ಆಟೋದಲ್ಲಿ ಮೈಕು ಹಚ್ಚಿ ಕೂಗಿಕೊಂಡು ಹೋಗಿದ್ದರು. ಅಪ್ಪ ಜಂಬಯ್ಯ ಕುರಿ ಹಿಂಡು ಹೊಡೆದುಕೊಂಡು ಮಾಗಳದ ಹೊಳೆದಂಡೆಗೆ ಹೋಗಿದ್ದ. ಮಳೆ ಹಿಡಿಯುವ ತನಕ ತಿರುಗಿ ಬರುವವನಲ್ಲ. ಉಳಿದವನು ನಾನೊಬ್ಬನೇ.

“ಒಂದ ದಿನ ಅಯ್ನೋರ,” ಎಂದೆ ಮತ್ತೆ.

“ಒಂದ ದಿನದಾಗ ಕರೆಂಟ್ ಎಷ್ಟ ಸಲ ಹೊಕ್ಕತಿ, ಎಷ್ಟ ಸಲ ಬರ್ತತಿ? ಬಂದಾಗೊಮ್ಮೆ ಬಟನ್ ಒತ್ತಾಕ ಯಾರದಾರ? ನಿಮ್ಮ ಹಟ್ಟಿ ಟಗರು ಬಂದು ಹಾಯ್ತತೇನು?”

ಮತ್ತೆ ನಗು. ನನಗೆ ಸಿಟ್ಟು ಬಂದರೆ ಮೊದಲು ಕಿವಿ ಬಿಸಿಯಾಗುತ್ತವೆ, ಆಮೇಲೆ ಮಾತು ನಿಂತುಹೋಗುತ್ತದೆ. ಮೆಟ್ಟಿಲು ಹತ್ತಿ ಮೇಲಿನ ಕೋಣೆಗೆ ಹೋಗಿ ಬಾಗಿಲನ್ನು ಧಡ್ಡೆಂದು ಹಾಕಿದೆ.

ಅವನು ಹೇಳಿದ್ದು ಸುಳ್ಳಲ್ಲ. ನನ್ನನ್ನು ಹೆಚ್ಚು ಸುಟ್ಟಿದ್ದು ಅದೇ. ಆಗ ೨೦೦೩ನೇ ಇಸವಿ. ಕೊಟ್ಟೂರಿನ ಕೇಬಲ್ಲಿನಲ್ಲಿ ಒಂದು ಚಾನೆಲ್ ವೀರಭದ್ರಯ್ಯನದೇ. ಹಗಲೆಲ್ಲ ಅದರಲ್ಲಿ ಮದುವೆಯ ಶುಭಾಶಯ, ತೀರಿಕೊಂಡವರ ಫೋಟೊ, ಸೀರೆ ಅಂಗಡಿಯ ಜಾಹೀರಾತು ಸಾಲಾಗಿ ಓಡುತ್ತಿದ್ದವು. ಅವನ್ನು ಓಡಿಸುತ್ತಿದ್ದದ್ದು ಮೇಲಿನ ಕೋಣೆಯ ಕಂಪ್ಯೂಟರ್. ಕರೆಂಟ್ ಹೋದರೆ ಅದೂ ಹೋಗುತ್ತಿತ್ತು. ಯುಪಿಎಸ್ ಅಂತ ಒಂದಿತ್ತು, ಅದರ ಬ್ಯಾಟರಿ ಯಾವಾಗಲೋ ಸತ್ತು, ಈಗ ಚಹಾದ ಲೋಟ ಇಡುವುದಕ್ಕಷ್ಟೇ ಉಪಯೋಗವಾಗುತ್ತಿತ್ತು. ಕರೆಂಟ್ ಬಂದ ಮೇಲೆ ಯಾರಾದರೂ ಬಟನ್ ಒತ್ತಬೇಕು, ಜಾಹೀರಾತಿನ ಪಟ್ಟಿಯನ್ನು ಓಡಲು ಹಚ್ಚಬೇಕು. ಆ ಯಾರಾದರೂ ಅಂದರೆ ಎಂಟನೇ ಕ್ಲಾಸಿಗೆ ಶಾಲೆಗೆ ಬೆನ್ನು ಹಾಕಿದ ನಾನು.

ಬಾಗಿಲು ಬಡಿದ ಸದ್ದಿಗೆ ಸುಮಲತಾ ತಲೆ ಎತ್ತಿದಳು. ವೀರಭದ್ರಯ್ಯನ ಅಣ್ಣನ ಮಗಳು. ಪಿಯುಸಿ ಮುಗಿಸಿದವಳು, ಜಾಹೀರಾತಿನ ಅಕ್ಷರಗಳನ್ನೆಲ್ಲ ಟೈಪ್ ಮಾಡುವವಳು ಅವಳೇ. ಅವಳು ಏನಾದರೂ ಕೇಳುವ ಮೊದಲೇ ಕರೆಂಟ್ ಹೋಯಿತು. ಹೆಚ್ಚು ಹೊತ್ತು ಕಾಯಿಸಲಿಲ್ಲ, ಬಂದೂ ಬಂತು. ನಾನು ಎದ್ದು ಮುಷ್ಟಿಯಿಂದ ಬಟನ್ನಿಗೆ ಗುದ್ದಿದೆ.

“ಅದೇನ್ ಮಾಡೇತಿ ನಿನಗ?” ಎಂದಳು ಸುಮಲತಾ. “ಬೈದೋರು ಕೆಳಗದಾರ.”

ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಮೂಡಿದವು. ಕೆಳಗಿನ ಸಾಲು ದಿನವೂ ನೋಡಿದ್ದೇ. ಸೆಟಪ್ಪಿಗೆ ಹೋಗಲು ಡಿಲೀಟ್ ಕೀಲಿ ಒತ್ತಿ ಎನ್ನುವ ಇಂಗ್ಲಿಷ್ ಸಾಲು. ಅಷ್ಟು ಓದಲು ನನಗೂ ಬರುತ್ತಿತ್ತು. ಕಂಪ್ಯೂಟರ್ ಕೂಡಿಸಲು ದಾವಣಗೆರೆಯಿಂದ ಬಂದಿದ್ದವನು, ಅದನ್ನು ಮಾತ್ರ ಮುಟ್ಟಬೇಡಿ ಎಂದು ಹೇಳಿ ಹೋಗಿದ್ದ. ಆ ಗಳಿಗೆಯಲ್ಲಿ ನನಗೆ ಮುಟ್ಟಬೇಡ ಎಂದದ್ದನ್ನು ಮುಟ್ಟಬೇಕಾಗಿತ್ತು. ಒತ್ತಿದೆ.

ಪರದೆ ನೀಲಿಯಾಯಿತು.

ಒಂದು ಚಿತ್ರವಿಲ್ಲ, ಬಾಣದ ಗುರುತಿಲ್ಲ. ಮೌಸ್ ಅಲ್ಲಾಡಿಸಿದರೆ ಏನೂ ಅಲ್ಲಾಡಲಿಲ್ಲ. ನೀಲಿಯ ಮೇಲೆ ಹಳದಿ ಅಕ್ಷರದ ಸಾಲುಗಳಷ್ಟೇ. ನಾವು ದಿನಾ ನೋಡುತ್ತಿದ್ದದ್ದು ಮನೆಯ ಪಡಸಾಲೆ, ಈಗ ನಿಂತದ್ದು ಅದರ ತಳಪಾಯದ ಕಲ್ಲಿನ ಹತ್ತಿರ ಅನ್ನಿಸಿತು.

“ಕೆಟ್ಟಿತು ಬಿಡು,” ಎಂದಳು ಸುಮಲತಾ. ಬೈಯಲಿಲ್ಲ, ಕುರ್ಚಿ ಎಳೆದುಕೊಂಡು ಬಂದಳು. “ಎಂಟರ್ ಒತ್ತು, ಏನೈತಿ ನೋಡಾನ.”

ಮೊದಲಿನ ಪುಟದಲ್ಲಿ ತಾರೀಖು, ಗಂಟೆ. ನನ್ನ ಕೈಗಡಿಯಾರಕ್ಕೆ ಹೋಲಿಸಿದೆ. ಸರಿಯಾಗಿತ್ತು. ಕ್ಷಣಗಳು ಒಂದೊಂದಾಗಿ ಮುಂದೆ ಹೋಗುತ್ತಿದ್ದವು.

“ಈಗರ ಕರೆಂಟ್ ಹೋಗಿತ್ತಲ್ಲಕ್ಕ. ಇದು ಹೆಂಗ ತಪ್ಪಿಲ್ಲ?”

“ಒಳಗ ರೂಪಾಯಿ ಬಿಲ್ಲಿಯಂಥಾದ್ದೊಂದು ಸೆಲ್ ಇರ್ತತಂತ. ಎಲ್ಲ ಆರಿದ್ರೂ ಅದು ಗಂಟೆ ಎಣಿಸಿಕೋಂತ ಇರ್ತತಿ.”

ನಾನು ಕಬ್ಬಿಣದ ಆ ಡಬ್ಬಿಯನ್ನು ನೋಡಿದೆ. ಊರು ಕತ್ತಲಾದಾಗ, ನಾನು ಬೀಗ ಹಾಕಿ ಹೋದಾಗ, ಇದು ಸತ್ತಿದೆ ಅಂದುಕೊಂಡಿದ್ದೆ. ಒಳಗೆ ಯಾರೋ ಒಬ್ಬರು ಕಣ್ಣು ಮುಚ್ಚದೆ ಕೂತಿದ್ದರು.

ಇನ್ನೊಂದು ಪುಟಕ್ಕೆ ಹೋದೆವು. ಸುಮಲತಾ ಬೆರಳಿಟ್ಟು ಓದಿದಳು. ಅದು ಕಂಪ್ಯೂಟರಿನ ಮೈಬಿಸಿ, ಇದು ಒಳಗಿನ ಫ್ಯಾನು ತಿರುಗುವ ವೇಗ, ಇದು ಗೋಡೆಯಿಂದ ಬರುವ ಕರೆಂಟ್ ಒಳಗೆ ಎಷ್ಟಾಗಿ ಒಡೆದುಕೊಂಡಿದೆ ಎನ್ನುವ ಲೆಕ್ಕ. ಬರೆದಿಟ್ಟ ಅಂಕಿಗಳಲ್ಲ, ನೋಡುತ್ತಿದ್ದಂತೆ ಬದಲಾಗುತ್ತಿದ್ದವು. ಅವಳು ಟೇಬಲ್ ಫ್ಯಾನನ್ನು ಡಬ್ಬಿಯ ಕಡೆ ತಿರುಗಿಸಿದಳು. ನಾವಿಬ್ಬರೂ ಅಂಕಿಯನ್ನೇ ನೋಡುತ್ತ ಕೂತೆವು. ಸ್ವಲ್ಪ ಹೊತ್ತಿಗೆ ಮೈಬಿಸಿಯ ಅಂಕಿ ಒಂದು ಮೆಟ್ಟಿಲು ಇಳಿಯಿತು.

“ಜ್ವರ ಬಿಟ್ಟಂಗ,” ಎಂದೆ. ದನಿ ಯಾಕೋ ತಗ್ಗಿತ್ತು. ದೇವರ ಕೋಣೆಯಲ್ಲಿ ಮಾತಾಡುವ ಹಾಗೆ.

ಆಮೇಲೆ ಸಿಕ್ಕಿದ್ದು ನಿದ್ದೆಯ ಪುಟ. ಕಂಪ್ಯೂಟರಿಗೆ ಒಂದೇ ನಿದ್ದೆ ಅಲ್ಲ. ತೂಕಡಿಕೆ ಒಂದು, ಅರೆನಿದ್ದೆ ಇನ್ನೊಂದು, ಯಾರು ಕರೆದರೂ ತಡವಾಗಿ ಏಳುವ ಗಾಢನಿದ್ದೆ ಮತ್ತೊಂದು. ಯಾವುದು ಎಷ್ಟು ಹೊತ್ತಿಗೆ ಬರಬೇಕು, ಯಾವ ಸದ್ದಿಗೆ ಎಚ್ಚರಾಗಬೇಕು, ಎಲ್ಲವನ್ನೂ ಗೊತ್ತು ಮಾಡಬಹುದಿತ್ತು. ನಮ್ಮಪ್ಪ ಹಿಂಡಿನ ನಡುವೆ ಕೋಲಿಗೆ ಗದ್ದ ಊರಿ ನಿಂತಲ್ಲೇ ಮಲಗುತ್ತಾನೆ. ಗೊರಕೆಯೂ ಬರುತ್ತದೆ. ಅದೇ ಒಂದು ಮರಿ ಹಿಂಡು ಬಿಟ್ಟು ಸರಿದರೆ ಸಾಕು, ಕಣ್ಣು ತೆರೆಯುತ್ತಾನೆ. ಇದನ್ನು ಮಾಡಿದವರು ಯಾವ ದೇಶದವರೋ, ಅಂಥ ನಿದ್ದೆಯನ್ನು ಕಬ್ಬಿಣಕ್ಕೆ ಕಲಿಸಿದ್ದರು.

“ಇದೇನಿದು?” ಸುಮಲತಾ ಒಂದು ಸಾಲಿನ ಮೇಲೆ ನಿಂತಳು. “ಕರೆಂಟ್ ಹೋಗಿ ಬಂದ ಮ್ಯಾಲ ಏನ್ ಮಾಡ್ಬೇಕು ಅಂತ ಕೇಳಾಕತ್ತೇತಿ. ಆಫ್ ಅಂತ ಐತಿ.”

“ಬ್ಯಾರೆ ಏನೇನೈತಿ?”

ಅವಳು ಕೀಲಿ ಒತ್ತಿದಳು. ಆಫ್ ಹೋಗಿ ಆನ್ ಬಂತು.

ಈ ಸಾಲು ನನಗೆ ಗೊತ್ತಿತ್ತು. ಇಂಗ್ಲಿಷಿನಲ್ಲಲ್ಲ, ಹೊಲದಲ್ಲಿ. ಚಿಗಟೇರಿಯ ನಮ್ಮ ಸೋದರಮಾವನ ಬೋರಿಗೆ ಆಟೋ ಸ್ಟಾರ್ಟರ್ ಇದೆ. ತ್ರೀ ಫೇಸ್ ಯಾವ ಹೊತ್ತಿಗೆ ಬಂದರೂ ಅದು ಟಕ್ಕೆಂದು ಹಿಡಿಯುತ್ತದೆ, ಮೋಟರು ತಾನಾಗಿ ಎದ್ದು ನೀರು ಎತ್ತುತ್ತದೆ. ಅದನ್ನು ಕೂಡಿಸಿದ ಮೇಲೆ ಮಾವ ಹೊಲದಲ್ಲಿ ಮಲಗುವುದನ್ನೇ ಬಿಟ್ಟ. ಅಂಥದ್ದೇ ಒಂದು ಈ ಡಬ್ಬಿಯೊಳಗೆ, ಕೊಂಡ ದಿನದಿಂದ ಇತ್ತು. ನಾನು ದಿನಾ ಅದರ ಎದುರಿಗೇ ಕೂತು, ಅದು ಮಾಡಬೇಕಾದ್ದನ್ನು ನಾನು ಮಾಡುತ್ತಿದ್ದೆ.

“ಅಕ್ಕ, ಇದು ಆನ್ ಇದ್ರ ನಾ ಬೇಕಿಲ್ಲ. ಗುರುವಾರ ಹೋಗಬಹುದು.”

ಅವಳು ಉಳಿಸಿ ಹೊರಬರುವ ಕೀಲಿ ಒತ್ತಿದಳು. ಕಂಪ್ಯೂಟರ್ ಎದ್ದ ಕೂಡಲೇ ತಾನಾಗಿ ಓಡುವವುಗಳ ಸಾಲಿಗೆ ಪಟ್ಟಿಯನ್ನೂ ಸೇರಿಸಿದಳು. ಇನ್ನು ಕರೆಂಟ್ ಹೋಗುವುದನ್ನು ಕಾಯುವುದು. ಹುಟ್ಟಿದ ಮೇಲೆ ಮೊದಲ ಸಲ ನಾನು ಕರೆಂಟ್ ಹೋಗಲಿ ಎಂದು ಬೇಡಿಕೊಂಡೆ. ಬೇಡಿದಾಗ ಹೋಗಲಿಲ್ಲ. ಮಧ್ಯಾಹ್ನ ಉಂಡು ಬುತ್ತಿ ಡಬ್ಬಿ ತೊಳೆಯುವಾಗ ಹೋಯಿತು.

ಇಬ್ಬರೂ ಬಂದು ಪರದೆಯೆದುರು ಕೂತೆವು. ಕಡೆಗೆ ಕರೆಂಟ್ ಬಂತು. ಎದುರುಮನೆಯ ರೇಡಿಯೊ ಹಾಡಲು ಹತ್ತಿತು, ಕೆಳಗೆ ಪಾಲಾಕ್ಷಪ್ಪನ ಅಂಗಡಿಯ ಟ್ಯೂಬ್ ಲೈಟ್ ಮಿಣುಕಿತು. ನಮ್ಮ ಪರದೆ ಕಪ್ಪಗೇ ಇತ್ತು.

ನಾನು ಡಬ್ಬಿಗೆ ಒದ್ದೆ. “ಎಲ್ಲಾ ಸುಳ್ಳು. ಬರೇ ಅಕ್ಷರ. ಓದಿದೋರೆಲ್ಲ ಹಿಂಗ ಬರದು ಬರದು ನಮ್ಮನ್ನ...” ಎಂದು ಇನ್ನೂ ಏನೇನೋ ಕೂಗಿದೆ.

ಸುಮಲತಾ ಮೇಲೆ ನೋಡಿದಳು. ನಮ್ಮ ಫ್ಯಾನೂ ತಿರುಗುತ್ತಿರಲಿಲ್ಲ. ಅವಳು ಬಾಗಿಲ ಹಿಂದಿನ ಮೇನ್ ಸ್ವಿಚ್ಚಿನ ಕಡೆ ನೋಡಿ, ಬಾಯಿಗೆ ಸೆರಗು ಅಡ್ಡ ಹಿಡಿದಳು. “ಮೈಲಾರಿ, ಅದನ್ನ ಯಾರು ಇಳಿಸಿದ್ರು?”

ಇಳಿಸಿದವನು ನಾನೇ. ನಮ್ಮ ಕಡೆ ಕರೆಂಟ್ ಹೋದ ಕೂಡಲೇ ಮೇನ್ ಇಳಿಸಿಬಿಡುತ್ತಾರೆ. ಬರುವಾಗ ಒಮ್ಮೆಲೇ ನುಗ್ಗಿ ಬಂದು ಬಲ್ಬು ಸುಡುತ್ತದೆಂದು. ಅವ್ವ ಚಿಕ್ಕಂದಿನಿಂದ ಕಲಿಸಿದ್ದು. ಬುತ್ತಿ ಡಬ್ಬಿ ತೊಳೆದು ಬರುವಾಗ ನನ್ನ ಕೈ ನನ್ನನ್ನು ಕೇಳದೆ ಆ ಕೆಲಸ ಮಾಡಿ ಮುಗಿಸಿತ್ತು.

“ಎತ್ತಪ್ಪ ಮಾರಾಯ, ಎತ್ತಿ ಬಂದು ಕೈ ಕಟ್ಟಿಕೊಂಡು ಕುಂದ್ರು.”

ಎತ್ತಿದೆ. ಬಂದು ಕೈಗಳನ್ನು ಕಂಕುಳಲ್ಲಿ ಹುದುಗಿಸಿ ನಿಂತೆ.

ಒಳಗಿನ ಫ್ಯಾನು ಸಣ್ಣಗೆ ಸೊರ್ರೆಂದಿತು. ಹಸಿರು ದೀಪ ಹತ್ತಿತು. ಯಾರೂ ಮುಟ್ಟಿರಲಿಲ್ಲ. ಕುಕ್ ಎಂದು ಒಂದು ಸದ್ದು ಮಾಡಿ, ತನ್ನ ನೆನಪಿನ ಶಕ್ತಿ ಎಷ್ಟಿದೆ ಎಂದು ಎಣಿಸಿಕೊಂಡಿತು. ಕರೆಂಟ್ ಒಮ್ಮೆಲೇ ಹೋದದ್ದರಿಂದ ಎಲ್ಲಾದರೂ ಗಾಯವಾಗಿದೆಯೋ ಎಂದು ಒಳಗೆಲ್ಲ ತಡವಿ ನೋಡಿಕೊಂಡಿತು. ಆಮೇಲೆ ಮೂಲೆಯ ಟಿವಿಯಲ್ಲಿ ಕೂಡ್ಲಿಗಿಯ ಒಂದು ಜೋಡಿಗೆ ಮದುವೆಯ ಶುಭಾಶಯ ಮೂಡಿ ಮೆಲ್ಲಗೆ ಮೇಲೇರಿತು. ಬೆಳಗಿನಿಂದ ಕುದಿಯುತ್ತಿದ್ದ ನನ್ನ ಕಿವಿ ಯಾವಾಗ ತಣ್ಣಗಾಗಿದ್ದವೋ ಗೊತ್ತಿಲ್ಲ. ಕುರಿಮರಿ ಹುಟ್ಟಿದ ಕೂಡಲೇ ನಡುಗುವ ಕಾಲಿನಲ್ಲಿ ಎದ್ದು ನಿಲ್ಲುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಸುಮಲತಾಳೇ ಮೊದಲು ಬಾಯಿ ಬಿಟ್ಟಳು. “ಒಂದ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ. ಇದು ತಾನ ಏಳ್ತತಿ ಅಂತ ಕಾಕಾಗ ಗೊತ್ತಾದ್ರ ನಿನ್ನ ಯಾಕ ಇಟ್ಟುಕೊಳ್ತಾನ? ಈಗಲೂ ಒಳಗ ಹೋಗಿ ಆಫ್ ಮಾಡಿದ್ರ ಮೊದಲಿನಂಗ ಆಕ್ಕತಿ. ಯಾರಿಗೂ ಗೊತ್ತಾಗಲ್ಲ.”

ಬುಧವಾರವೆಲ್ಲ ಆ ಮಾತು ತಲೆಯಲ್ಲಿ ತಿರುಗಿತು. ಒಮ್ಮೆ ಡಿಲೀಟ್ ಒತ್ತಿ ನೀಲಿಗೆ ಹೋಗಿ, ಆ ಸಾಲಿನ ಮೇಲೆ ನಿಂತೂ ನೋಡಿದೆ. ಆನ್ ಎಂದು ಹೊಳೆಯುತ್ತಿತ್ತು. ಕೆಲಸ ಬೇಕಿತ್ತು. ಅವ್ವನ ಕಣ್ಣೂ ಬೇಕಿತ್ತು. ಕೆಲಸ ಇನ್ನೆಲ್ಲಾದರೂ ಸಿಕ್ಕೀತು, ಕಣ್ಣಿನ ಡಾಕ್ಟರು ಮತ್ತೆ ಬರುವುದು ಮುಂದಿನ ವರ್ಷ. ಅದೂ ಅಲ್ಲದೆ, ಎದ್ದು ನಿಂತದ್ದನ್ನು ನನ್ನ ಕೈಯಾರೆ ಕೆಡವುವುದು ನನ್ನಿಂದ ಆಗಲಿಲ್ಲ. ಬದಲಾಯಿಸದೆ ಹೊರಗೆ ಬಂದೆ.

ಗುರುವಾರ ಬೆಳಿಗ್ಗೆ ಅವ್ವನನ್ನು ಕೈ ಹಿಡಿದು ಕರೆತಂದು ಕಟ್ಟೆಯ ಮೇಲೆ ಕೂರಿಸಿದೆ. “ಹರಪನಹಳ್ಳಿ ಬಸ್ಸು ಬಂತೇನು?” ಎಂದು ಕೇಳಿದಳು. ಇನ್ನೂ ಇಲ್ಲ ಎಂದು ಮೇಲೆ ಹತ್ತಿದೆ. ವೀರಭದ್ರಯ್ಯ ಆಗಲೇ ಬಂದಿದ್ದ, ಪಾಲಾಕ್ಷಪ್ಪನೂ ಹುಲುಗಣ್ಣನೂ ಜೊತೆಗಿದ್ದರು. ಹೊಸ ಸೀರೆ ಜಾಹೀರಾತು ನೋಡುತ್ತಿದ್ದರು.

“ಹೊಸಾ ಅಂಗಿ ಹಾಕ್ಕೊಂಡು ಬಂದೀಯಲ್ಲೋ,” ಎಂದ ವೀರಭದ್ರಯ್ಯ. “ರಜಾ ಇಲ್ಲಂತ ಹೇಳಿದ್ನಲ್ಲ.”

ನಾನು ಮೇನ್ ಇಳಿಸಿದೆ. ಟಿವಿಯಲ್ಲಿ ಸೀರೆ ಆರಿತು. ಅವನು ಬಾಯಿ ತೆರೆಯುವಷ್ಟರಲ್ಲಿ ಮತ್ತೆ ಎತ್ತಿದೆ, ಎತ್ತಿ ಬಾಗಿಲ ಹತ್ತಿರ, ಕಂಪ್ಯೂಟರಿನಿಂದ ದೂರ ನಿಂತೆ.

ಫ್ಯಾನು ಸೊರ್ರೆಂದಿತು. ದೀಪ ಹತ್ತಿತು. ಪರದೆಯ ಮೇಲೆ ಅಕ್ಷರಗಳು ಬಂದವು, ಹೋದವು. ಪಾಲಾಕ್ಷಪ್ಪ ಬಗ್ಗಿ ಮೇಜಿನ ಕೆಳಗೆ ಯಾರಾದರೂ ಕೂತಿದ್ದಾರೋ ಎಂದು ನೋಡಿದ. ಸೀರೆ ಮತ್ತೆ ಬಂದಾಗ ವೀರಭದ್ರಯ್ಯನ ಕೈ ತಾನಾಗಿ ಎದೆಯ ಲಿಂಗದ ಕರಡಿಗೆಯ ಮೇಲೆ ಹೋಗಿತ್ತು. ಮೊನ್ನೆ ನಾನು ಹೇಗೆ ನಿಂತಿದ್ದೆನೋ ಅವನೂ ಹಾಗೇ ನಿಂತಿದ್ದ. ಆ ಹೊತ್ತಿನ ಮಟ್ಟಿಗೆ ಅವನ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ.

“ಇನ್ನೊಮ್ಮಿ ಮಾಡು,” ಎಂದ ಮೆಲ್ಲಗೆ.

ಮಾಡಿದೆ. ಅದು ಇನ್ನೊಮ್ಮೆ ಎದ್ದಿತು.

ಅವನ ಮುಖ ನಿಧಾನಕ್ಕೆ ಮೊದಲಿನ ಆಕಾರಕ್ಕೆ ಮರಳಿತು. “ಹಂಗಾರ ಹೋಗು. ಇವತ್ತೂ ಹೋಗು, ನಾಳಿನೂ ಬರಬ್ಯಾಡ. ನಿನ್ನ ಕಟ್ಟಿಕೊಂಡು ನಾ ಏನ್ ಮಾಡ್ಲಿ ಇನ್ನ?”

“ಕಾಕಾ,” ಎಂದಳು ಸುಮಲತಾ.

“ಸುಮ್ನಿರವ್ವ. ಕುರಿ ಕಾಯೋನು ತನ್ನ ಅನ್ನಕ್ಕ ತಾನ ಕಲ್ಲು ಹಾಕ್ಕೊಂಡಾನ. ಏನಂತೀಯೋ ಪಾಲಾಕ್ಷಿ?” ಪಾಲಾಕ್ಷಪ್ಪ ನಕ್ಕ. ಹುಲುಗಣ್ಣ ಈ ಸಲ ನಗದೆ ನೆಲ ನೋಡಿದ. “ಹೇಳೋ ಮೈಲಾರಿ, ಇದು ತಾನ ಎದ್ರ ನಿನಗ ಕೂಳಿಲ್ಲ ಅನ್ನೋದು ಮಾಡೋಮುಂದ ಹೊಳಿಲಿಲ್ಲನು?”

ಹಾದಿಯಲ್ಲಿ ಬಸ್ಸಿನ ಹಾರ್ನು ಕೇಳಿತು. ಎರಡು ದಿನದಿಂದ ನಾನು ಬಾಯಲ್ಲಿ ಕೂಡಿಸಿಟ್ಟುಕೊಂಡಿದ್ದ ಬೈಗುಳಗಳೆಲ್ಲ ನಾಲಿಗೆಯ ಮೇಲೇ ಇದ್ದವು. ಟಿವಿಯಲ್ಲಿ ಪಟ್ಟಿ ಓಡುತ್ತಿತ್ತು.

“ನಿನ್ನನ್ನ ಕೇಳಾಕತ್ತೀನಿ,” ಎಂದ ವೀರಭದ್ರಯ್ಯ.

ನಾನು ಮೆಟ್ಟಿಲಿಳಿದೆ. ಕಟ್ಟೆಯ ಮೇಲೆ ಅವ್ವ ಆಗಲೇ ಎದ್ದು ನಿಂತು, ನಾನು ಯಾವ ಕಡೆಯಿಂದ ಬರುತ್ತೇನೋ ತಿಳಿಯದೆ, ಎರಡೂ ಕೈ ಮುಂದೆ ಚಾಚಿದ್ದಳು. ಒಂದು ಕೈ ಹಿಡಿದುಕೊಂಡು ಬಸ್ಸಿನ ಕಡೆ ನಡೆದೆ.