ಹಳೆಯ ಕರ್ನೆಲ್‌ಗೆ ಒಂದು ತ್ಯಾಪಿ

ಕೋಣೆಯ ಬಾಗಿಲು ತಳ್ಳಿದ ಕೂಡಲೇ ಪ್ರಮಿಲಾಳಿಗೆ ಚಿಕ್ಕಂದಿನ ವಾಸನೆಯೊಂದು ಬಂತು. ಅಪ್ಪನ ರೇಡಿಯೋದ ಹಿಂದೆ ನಿಂತಾಗ ಬರುತ್ತಿದ್ದ ಕಾದ ಧೂಳಿನ ವಾಸನೆ. ಗಂಡನ ಕಂಪ್ಯೂಟರ್ ಮುಟ್ಟಿ ನೋಡಿದಳು. ಇನ್ನೂ ಬೆಚ್ಚಗಿತ್ತು, ಸದ್ದು ಮಾತ್ರ ಇರಲಿಲ್ಲ. ಹೆಣಕ್ಕೆ ಹೊದಿಸಲು ಧೋತರ ತರಲು ಬಂದವಳು, ಏತಕ್ಕೆ ಬಂದೆನೆಂಬುದನ್ನೇ ಮರೆತು ನಿಂತಳು.

ಗಂಡ ಹರಿ ಆ ಬೆಳಗ್ಗೆ ಯಂತ್ರಕ್ಕೆ ಕೆಲಸ ಹಚ್ಚಿ, ಭೀಮಾ ಹೊಳೆಯಲ್ಲಿ ಮಿಂದು ಬಂದು, ಕಟ್ಟೆಯ ಮೇಲೆ ಕುಳಿತವನು ಹಾಗೇ ಒರಗಿ ಜೀವ ಬಿಟ್ಟಿದ್ದ.

“ಲೀಲಕ್ಕ, ಇದನ್ನ ಯಾರು ಬಂದ್ ಮಾಡಿದ್ರು?”

“ನಾನs,” ಎಂದಳು ಹರಿಯ ಅಕ್ಕ ಲೀಲಾಬಾಯಿ. “ತಲೀ ಹತ್ರ ದೀಪ ಇಟ್ಟ ಮ್ಯಾಲೆ ಮನ್ಯಾಗ ಬ್ಯಾರೆ ದೀಪ ಮಿಣಕಬಾರದು.”

ಪಡಸಾಲೆಯಲ್ಲಿ ಬಂಧುಗಳು ಹರಿ ಏನು ಕೆಲಸ ಮಾಡುತ್ತಿದ್ದ ಎಂದು ಮೆಲ್ಲಗೆ ವಿಚಾರಿಸುತ್ತಿದ್ದರು. ಅಫಜಲಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು, ಅದು ಎಲ್ಲರಿಗೂ ಗೊತ್ತು. ಆದರೆ ಮನೆಗೆ ಬಂದ ಮೇಲೂ ಆ ಕೋಣೆಯೊಳಗೆ ಏನು?

“ಮಂದಿ ಹೊಸಾದು ಹೊಲಿಸ್ಕೊಂಡ್ರು. ನಮ್ಮ ಹರಿ ಹಳೇದಕ್ಕ ತ್ಯಾಪಿ ಹಚ್ಕೋತ ಕೂತ,” ಎಂದ ನೆರೆಮನೆಯ ದೊಡ್ಡಪ್ಪ. ಒಬ್ಬಿಬ್ಬರು ನಕ್ಕು, ಎಲ್ಲಿ ಕುಳಿತಿದ್ದೇವೆಂದು ನೆನಪಾಗಿ ಸುಮ್ಮನಾದರು. ಪ್ರಮಿಲಾ ತಲೆ ತಗ್ಗಿಸಿದಳು. ಇದಕ್ಕಿಂತ ಒಳ್ಳೆಯ ಉತ್ತರ ಅವಳಿಗೂ ತಿಳಿದಿರಲಿಲ್ಲ.

ಅಂಗಳದಲ್ಲಿ ಗುರುತಿಲ್ಲದ ಒಬ್ಬ ಮನುಷ್ಯ, ಬಂದವರ ಚಪ್ಪಲಿಗಳನ್ನು ಬಿಸಿಲಿನಿಂದ ನೆರಳಿಗೆ ಸರಿಸುತ್ತಿದ್ದ. ಹೆಣ ಎತ್ತಿದಾಗ ಓಣಿಯ ತಿರುವಿನವರೆಗೆ ಹಿಂದೆ ನಡೆದು ಹೋದ. ಗಂಡಸರೆಲ್ಲ ಹೊಳೆಯ ಕಡೆ ಇಳಿದ ಮೇಲೆ ಮರಳಿ ಬಂದು ನಿಂತ. ಪ್ರಮಿಲಾ ತಾನಾಗಿಯೇ ಯಾರೆಂದು ಕೇಳಿದಳು. ಅವನು ಶರಫುದ್ದೀನ, ಆಳಂದದ ಒಂದು ಕಣ್ಣಿನ ದವಾಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು.

“ನಾಳೆ ಕಣ್ಣಿನ ಶಿಬಿರ ಅದ, ಅಕ್ಕಾರ. ನಮ್ಮ ಡಿಸ್ಕಿನ್ಯಾಗ ಒಬ್ಬರ ಕಣ್ಣಿನ ಅಳತಿ ಇನ್ನೊಬ್ಬರ ಹೆಸರಿಗೆ ಹೊಂಟದ. ಹಂಗs ಆಪರೇಷನ್ ಮಾಡಿದ್ರ ತಪ್ಪು ಲೆನ್ಸ್ ಕೂಡ್ತದ. ಹರಿ ಸರ್ ಅದಕ್ಕ ರಿಪೇರಿ ಮಾಡಿ ಇವತ್ತು ಫ್ಲಾಪಿಯೊಳಗ ಹಾಕಿ ಕೊಡ್ತೇನಿ ಅಂದಿದ್ರು. ಮುದುಕ್ರು ಆಗಲೇ ಬಂದು ವರಾಂಡದಾಗ ಮಲಗ್ಯಾರ. ಇಂಥಾ ದಿನ ಹೆಂಗ ಕೇಳ್ಲಿ ಅಂತ…”

* * *

ಹಿಂದೊಮ್ಮೆ ಪ್ರಮಿಲಾ ಗಂಡನನ್ನು ಕೇಳಿದ್ದಳು, ಹೊಸದನ್ನೇ ಹಾಕಿಬಿಟ್ಟರೆ ಆಗುವುದಿಲ್ಲವೇ ಎಂದು.

ಹರಿ ಉತ್ಸಾಹದಿಂದ ಅವಳತ್ತ ತಿರುಗಿ ಕುಳಿತಿದ್ದ. ಯಂತ್ರದೊಳಗೆ ಉಳಿದೆಲ್ಲವನ್ನೂ ಹೊತ್ತು ನಿಂತ ಬುಡದ ವ್ಯವಸ್ಥೆಗೆ ಕರ್ನೆಲ್ ಎಂದು ಹೆಸರು. ಡಿಸ್ಕಿನ ಮೇಲೆ ಬರೆಯುವ, ಓದುವ ಅದರ ಭಾಗವೇ ಡ್ರೈವರ್. ಆ ಡ್ರೈವರಿನ ದೋಷವನ್ನು ಹೊಸ ಕರ್ನೆಲ್ಲಿನಲ್ಲಿ ಯಾರೋ ತಿದ್ದಿದ್ದರು. ಆದರೆ ತಾಲೂಕಿನ ಸಣ್ಣ ಯಂತ್ರಗಳಿಗೆ ಹೊಸದರ ಭಾರ ತಡೆಯದು. ಅದಕ್ಕೇ ಹರಿ ಆ ತಿದ್ದುಪಡಿಯೊಂದನ್ನೇ ಬಿಡಿಸಿ ತಂದು, ಹಳೆಯದರ ಅಳತೆಗೆ ಕತ್ತರಿಸಿ ಕೂಡಿಸುತ್ತಿದ್ದ.

“ಹೊಸಾದು ಬೇಕಾದವರು ತೊಗೋತಾರ. ಹಳೇದನ್ನ ನಂಬಿ ಕೂತವರ ಮನ್ಯಾಗ ಬ್ಯಾರೆ ಏನೂ ಅಲುಗಾಡಬಾರದು. ದೋಷ ಅಷ್ಟs ಹೋಗಬೇಕು.”

ಅವಳು ತಲೆಯಾಡಿಸಿದ್ದಳು. ಮನಸ್ಸೆಲ್ಲ ಒಲೆಯ ಮೇಲಿನ ಹಾಲಿನ ಕಡೆಗಿತ್ತು. ಹರಿಗೆ ಅದು ತಿಳಿದು, ನಕ್ಕು, ತಾನೇ ಎದ್ದು ಹೋಗಿ ಹಾಲು ಇಳಿಸಿದ್ದ.

* * *

ಪ್ರಮಿಲಾ ಶರಫುದ್ದೀನನನ್ನು ಕೋಣೆಗೆ ಕರೆದು ತಂದು, ಕಂಪ್ಯೂಟರಿನ ಗುಂಡಿ ಒತ್ತಿದಳು.

“ಹೆಣಾ ಹೋದ ಮನ್ಯಾಗ ಇದೇನಬೇ?” ಲೀಲಾಬಾಯಿ ಬಾಗಿಲಲ್ಲಿ ನಿಂತಿದ್ದಳು.

“ಇವರು ಹಚ್ಚಿಟ್ಟ ಕೆಲಸ, ಲೀಲಕ್ಕ. ಮುಗೀಲಿ.”

ಲೀಲಾಬಾಯಿ ಒಳಗೆ ಹೋದಳು.

ಒಮ್ಮೆಲೇ ಆರಿಸಿದ ಯಂತ್ರ ಮೊದಲು ತನ್ನ ಡಿಸ್ಕನ್ನೇ ತಡಕಾಡತೊಡಗಿತು. ಹರಿ ತಿದ್ದಿದ್ದು ಅಳಿಸಿಹೋಗಿದ್ದರೆ ಮತ್ತೆ ಬರೆಯುವವರು ಈ ಊರಲ್ಲಿ ಯಾರೂ ಇಲ್ಲ ಎಂದು ಶರಫುದ್ದೀನ ಮೆಲ್ಲಗೆ ಹೇಳಿ, ಪರದೆ ನೋಡುತ್ತ ಕುಳಿತ. ಬಹಳ ಹೊತ್ತಿನ ಮೇಲೆ ಅವನ ಹೆಗಲು ಸಡಿಲಾಯಿತು. ಬರೆದದ್ದು ಉಳಿದಿತ್ತು. ಅದರಿಂದ ಕರ್ನೆಲ್ ಕಟ್ಟುವ ಕೆಲಸವಷ್ಟೇ ಅರ್ಧಕ್ಕೆ ನಿಂತಿತ್ತು. ಹರಿ ಕಲಿಸಿದ್ದಂತೆ ಶರಫುದ್ದೀನ ಅದನ್ನು ಮತ್ತೆ ಹಚ್ಚಿದ.

ಪರದೆಯ ಮೇಲೆ ಸಾಲುಗಳು ಒಂದರ ಹಿಂದೊಂದು ಏರಿಹೋದವು. ಪ್ರಮಿಲಾ ನೋಡುತ್ತಲೇ ಕುಳಿತಳು. ಒಂದಕ್ಷರವೂ ತಿಳಿಯಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ತಾನು ಏನನ್ನು ನೋಡಿದೆ, ಏನನ್ನು ಬಿಟ್ಟೆ ಎಂಬುದೂ ತಿಳಿಯಲಿಲ್ಲ. ಗಂಡಸರು ಹೊಳೆಯಿಂದ ಒದ್ದೆ ಬಟ್ಟೆಯಲ್ಲಿ ಮರಳಿ, ಇದೇನು ಸದ್ದೆಂದು ಕೇಳಿದರು. ಅವಳು ಮುಖ ತಿರುಗಿಸಲಿಲ್ಲ.

ಇಳಿಹೊತ್ತಿಗೆ ಕೆಲಸ ಮುಗಿಯಿತು. ಶರಫುದ್ದೀನ ಯಂತ್ರವನ್ನು ಹೊಸದಾಗಿ ಕಟ್ಟಿದ ಕರ್ನೆಲ್ಲಿನಿಂದಲೇ ಎಬ್ಬಿಸಿದ. ದೊಡ್ಡದೊಂದು ಕಡತ ಬರೆಸಿ, ಮರಳಿ ಓದಿಸಿ, ಎರಡನ್ನೂ ಹೋಲಿಸಿದ.

“ಎರಡೂ ಒಂದs ಅವ, ಅಕ್ಕಾರ. ನಮ್ಮ ಡಿಸ್ಕೂ ಇಂಥಾದs. ನಾಳೆ ಶಿಬಿರ ನಡೀತದ.”

ಕರ್ನೆಲ್ಲನ್ನು ಫ್ಲಾಪಿಗೆ ಇಳಿಸಿ, ಅದನ್ನು ಜೇಬಿನಲ್ಲಿಟ್ಟುಕೊಂಡು ಎದ್ದ. ಸಾವಿನ ಮನೆಯಿಂದ ಹೊರಡುವಾಗ ‘ಬರ್ತೇನಿ’ ಎನ್ನಬಾರದು. ಏನನ್ನಬೇಕೆಂದು ತೋಚದೆ ಹೊಸ್ತಿಲಲ್ಲೇ ನಿಂತ.

ಅಷ್ಟರಲ್ಲಿ ಲೀಲಾಬಾಯಿ ಬಂದಳು. ನೆರೆಮನೆಯವರು ಕಳಿಸಿದ್ದ ಊಟದಲ್ಲಿ ತನ್ನ ಪಾಲಿಗೆ ಬಂದ ರೊಟ್ಟಿ, ಝುಣಕವನ್ನು ಎಲೆಯಲ್ಲಿ ಸುತ್ತಿ, ಅರಿವೆಯಲ್ಲಿ ಕಟ್ಟಿದ್ದಳು. ಅವನ ಮುಖವನ್ನಾಗಲಿ ಪ್ರಮಿಲಾಳನ್ನಾಗಲಿ ನೋಡಲಿಲ್ಲ. ಗಂಟನ್ನು ಅವನ ಎರಡೂ ಕೈಗಳ ಮೇಲಿಟ್ಟು, ಬಿಗಿಯಾಗಿದೆಯೇ ಎಂದು ಇನ್ನೊಮ್ಮೆ ಒತ್ತಿ ನೋಡಿದಳು.