ಕುಂಬಳಕಾಯಿ ಒಡೆದ ಮೇಲೆ

ಪರದೆಯ ಮೇಲೆ ಖಳನಾಯಕ ಯಾರದೋ ತಾಯಿಯನ್ನು ಎಳೆದು ತಂದು ಬೈದ. ಸೌಮ್ಯ ತೊಡೆಯ ಮೇಲಿದ್ದ ಹಾಳೆಯಲ್ಲಿ ಇನ್ನೊಂದು ಗೆರೆ ಎಳೆದಳು. ಬೈಗುಳಕ್ಕೊಂದು ಗೆರೆ, ಸಿಗರೇಟಿಗೊಂದು ಸೊನ್ನೆ. ಇದು ಅವಳೇ ಮಾಡಿಕೊಂಡ ಪದ್ಧತಿ. ಆ ಪುಟ್ಟ ಥಿಯೇಟರಿನ ಏಸಿ ಮೈ ಕೊರೆಯುತ್ತಿತ್ತು. ಪಕ್ಕದ ಕುರ್ಚಿಯ ನಿವೃತ್ತ ಪ್ರಾಂಶುಪಾಲರು ಸಿನಿಮಾ ಅರ್ಧ ಮುಗಿಯುವ ಮೊದಲೇ ನಿದ್ದೆಗೆ ಜಾರಿದ್ದರು. ಅವರನ್ನು ಎಬ್ಬಿಸಬಾರದೆಂಬುದು ಸಮಿತಿಯ ಬರೆಯದ ನಿಯಮ.

ಬಿಡುಗಡೆಗೆ ಮೊದಲು ಸಿನಿಮಾ ನೋಡಿ, ಅದನ್ನು ಯಾವ ವಯಸ್ಸಿನವರು ನೋಡಬಹುದು, ಏನೇನು ಕತ್ತರಿಸಬೇಕು ಎಂದು ಹೇಳುವ ಸೆನ್ಸಾರ್ ಸಮಿತಿ ಅದು. ಸೌಮ್ಯಳಿಗೆ ಸಿನಿಮಾದ ಹುಚ್ಚೇನೂ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಅವಳು ಜರಗನಹಳ್ಳಿಯ ಮನೆಯ ನಡುಕೋಣೆಯಲ್ಲಿ ಗೋಡೆ ನೋಡುತ್ತ ಕೂರುವುದನ್ನು ಕಂಡು, ಮಾವ ಗಂಗಾಧರಯ್ಯನವರು ಪರಿಚಯದ ಪಕ್ಷದವರ ಕಿವಿಗೆ ಹಾಕಿ ಈ ಕುರ್ಚಿ ಕೊಡಿಸಿದ್ದರು. ಹೊಲವಿದ್ದಾಗ ನೀರಿಗೆ, ಹೊಲದಲ್ಲಿ ಬಾಡಿಗೆ ಮನೆಗಳೆದ್ದ ಮೇಲೆ ಕರೆಂಟಿಗೆ, ಅವರು ಹೀಗೆಯೇ ಯಾರ ಕಿವಿಗಾದರೂ ಹಾಕುತ್ತಿದ್ದರು. ಅವಳು ಗೋಡೆ ಬಿಟ್ಟು ಪರದೆ ನೋಡತೊಡಗಿದಳು, ಅಷ್ಟೇ ವ್ಯತ್ಯಾಸ. ಮೊದಮೊದಲು ರಕ್ತ ಕಂಡರೆ ಮುಖ ತಿರುಗಿಸುತ್ತಿದ್ದಳು. ಈಗ ಪರದೆಯ ಮೇಲೆ ಯಾರ ಕೈ ಕತ್ತರಿಸಿದರೂ, ಮಧ್ಯಾಹ್ನ ಊಟಕ್ಕೆ ಇವತ್ತಾದರೂ ಅನ್ನ ಬಿಸಿಯಾಗಿರುತ್ತದೆಯೇ ಎಂಬ ಯೋಚನೆ.

ಕಟ್ಟುತ್ತಿರುವ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಹೊಡೆದಾಟ ನಡೆಯುತ್ತಿತ್ತು. ನಾಲ್ಕು ಜನ ನಾಯಕನನ್ನು ಅಂಚಿಗೆ ತಳ್ಳಿಕೊಂಡು ಬಂದರು. ನಾಯಕ ಕೆಳಗೆ ಹಾರಿದ. ಹಾರಿದ್ದು ನಾಯಕನಲ್ಲ, ಅದೇ ಅಂಗಿ ತೊಟ್ಟ ಡ್ಯೂಪು ಎಂದು ಅವಳಿಗೆ ಗೊತ್ತಾಯಿತು. ಬೆನ್ನು ಮಾತ್ರ ತೋರಿಸಿದರೆ ಅದು ಡ್ಯೂಪೇ. ಅವನು ನೆಲಕ್ಕೆ ಅಪ್ಪಳಿಸಿದ. ಒಂದು ಕಾಲು ಮಡಿಚಬಾರದ ಕಡೆಗೆ ಮಡಿಚಿಕೊಂಡಿತು. ತಲೆಯ ಹತ್ತಿರವೇ ಬಿಳಿ ಬಿಳಿ ಚೂರುಗಳು, ಅವುಗಳ ಮೇಲೆಲ್ಲ ಕೆಂಪು. 'ಬುರುಡೆ ಒಡೆದದ್ದು' ಎಂದು ಬರೆದುಕೊಂಡ ಸೌಮ್ಯ, ಮನೆಯಲ್ಲಿ ನೀರಿನ ಮೋಟಾರ್ ಆಫ್ ಮಾಡಿ ಬಂದೆನೋ ಇಲ್ಲವೋ ಎಂದು ಯೋಚಿಸತೊಡಗಿದಳು.

ಸಿನಿಮಾ ಮುಗಿದ ಮೇಲೆ ನಿರ್ಮಾಪಕ ಕೈಲಾಸ್‌ನನ್ನೂ ನಿರ್ದೇಶಕನನ್ನೂ ಒಳಗೆ ಕರೆದರು. ಸಮಿತಿ ನಡೆಸುವ ಅಧಿಕಾರಿ ಮೊದಲು ಕೇಳಿದ್ದು ಎಮ್ಮೆಯ ವಿಷಯ.

"ಎಮ್ಮೆ ಓಡಿಸೋ ಸೀನಿಗೆ ಪ್ರಾಣಿಗಳ ಸರ್ಟಿಫಿಕೇಟ್ ಇದೆಯೇನ್ರೀ?"

"ಇದೆ ಸಾರ್. ಡಾಕ್ಟ್ರೇ ಪಕ್ಕದಲ್ಲಿ ನಿಂತಿದ್ರು. ಎಮ್ಮೆಗೆ ಒಂದು ಗೀರೂ ಆಗಿಲ್ಲ."

ಆಮೇಲೆ ಬೈಗುಳಗಳ ಚೌಕಾಸಿ. ಒಂದು ಬೈಗುಳ ಉಳಿಸಿಕೊಳ್ಳಲು ಕೈಲಾಸ್ ಅಳುವುದೊಂದು ಬಾಕಿ. ಸೌಮ್ಯಳ ಸರದಿ ಬಂದಾಗ ಅವಳು, "ಆ ಮಹಡಿಯಿಂದ ಬೀಳೋ ಶಾಟ್ ತೆಗೀರಿ. ತಲೆ ಒಡೆದಿರೋದೆಲ್ಲ ತೋರಿಸಿದೀರ, ಮಕ್ಕಳು ನೋಡ್ತಾರೆ" ಎಂದಳು.

"ಸಾರ್, ಅದು ಸಖತ್ ಶಾಟು..." ಎಂದು ನಿರ್ದೇಶಕ ಬಾಯಿ ತೆರೆದ.

"ಸುಮ್ನಿರೋ ಮಗಾ" ಎಂದು ಕೈಲಾಸ್ ಅವನ ತೋಳು ಹಿಡಿದ. "ಮೇಡಂ ಹೇಳಿದ್ದು ಸರಿ. ಅದನ್ನ ಪೂರ್ತಿ ತೆಗೆದುಬಿಡ್ತೀವಿ ಮೇಡಂ. ಇವತ್ತೇ."

ಒಂದು ಮಾತಿಗೂ ಎದುರಾಡದೆ ಒಪ್ಪಿಕೊಂಡ ನಿರ್ಮಾಪಕನನ್ನು ಅವಳು ನೋಡಿದ್ದು ಅದೇ ಮೊದಲು. ತನ್ನ ಮಾತಿಗೂ ಬೆಲೆ ಇದೆಯಲ್ಲ ಎನ್ನಿಸಿ ಆಟೋದಲ್ಲಿ ಮನೆಗೆ ಬಂದಳು. ಮೋಟಾರ್ ಆಫ್ ಆಗಿಯೇ ಇತ್ತು.

ಸಿನಿಮಾದ ಪೋಸ್ಟರು ಕನಕಪುರ ರಸ್ತೆಯ ಬಸ್ ಸ್ಟಾಪಿಗೆ ಬಂದ ವಾರ, ಮೇಲಿನ ಬಾಡಿಗೆ ಮನೆಯ ಶಂಕ್ರವ್ವ ಕೆಳಗಿಳಿದು ಬಂದಳು. ಇಳಕಲ್ಲಿನ ಹತ್ತಿರದ ಊರಿನವಳು, ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ. ಗಂಡ ಗುರುಸಿದ್ದ ಸಿನಿಮಾದಲ್ಲಿ ಫೈಟರ್ ಆಗಿದ್ದ. ಹಿಂದಿನ ವರ್ಷ ಶೂಟಿಂಗಿನ ಪಾರ್ಟಿಯಲ್ಲಿ ಕುಡಿದು ಮಹಡಿಯಿಂದ ಬಿದ್ದು ಸತ್ತನೆಂದು ಆಸ್ಪತ್ರೆಗೆ ಸೇರಿಸಿದವರು ಹೇಳಿದ್ದರು. ಮನೆಯಲ್ಲೂ ಎಲ್ಲರೂ ಹಾಗೆಯೇ ತಿಳಿದಿದ್ದರು. ಸೌಮ್ಯ ಆಗ ಹೋಗಿ ಮಾತಾಡಿಸಿ, ಒಂದು ಪಾತ್ರೆ ಅನ್ನ ಸಾರು ಕೊಟ್ಟು ಬಂದಿದ್ದಳು. ಏನು ಸಾರು ಎಂಬುದಷ್ಟೇ ಅವಳಿಗೆ ನೆನಪಿತ್ತು.

"ಅಕ್ಕಾರ, ಬಸ್ ಸ್ಟಾಪಿನ್ಯಾಗ ಹಚ್ಚ್ಯಾರಲ್ರಿ, ಆ ಪಿಚ್ಚರ್ ನೀವು ನೋಡೀರೇನ್ರಿ?"

"ಯಾಕೆ ಶಂಕ್ರವ್ವ?"

"ನಮ್ಮನಿಯವ್ರು ಬಿದ್ದದ್ದು ಅದರಾಗ್ರಿ."

"ಅಲ್ಲಮ್ಮ, ಅವ್ರು ಪಾರ್ಟೀಲಿ..." ಎಂದ ಸೌಮ್ಯ ಅರ್ಧಕ್ಕೇ ನಿಲ್ಲಿಸಿದಳು.

"ಕುಡದು ಬಿದ್ದ ಅಂತ ಅವ್ರು ಹೇಳ್ಯಾರ್ರಿ. ನೀವೂ ನಂಬೀರಿ." ಶಂಕ್ರವ್ವನ ದನಿಯಲ್ಲಿ ಸಿಟ್ಟಿರಲಿಲ್ಲ. "ಆವತ್ತು ಹೀರೋಗ ವಿಮಾನ ಹಿಡಿಯೋದಿತ್ತಂತ. ಅದಕ ಮಧ್ಯಾಹ್ನಾನ ಕುಂಬಳಕಾಯಿ ಒಡದು, ಫೋಟೋ ತಗಸ್ಕೊಂಡು ಹೋದ. ನಮ್ಮನಿಯವ್ರು ಫೋನ್ ಮಾಡಿ, ಡ್ಯೂಪಿಂದು ಒಂದು ಶಾಟ್ ಉಳದೈತಿ, ಮುಗಿಸಿ ಬರ್ತೀನಿ ಅಂದ್ರು. ಈಗ ಪ್ರೊಡ್ಯೂಸರ್ ಏನಂತಾನ ಗೊತ್ತೇನ್ರಿ? ಕುಂಬಳಕಾಯಿ ಒಡದ ಮ್ಯಾಲೆ ಶೂಟಿಂಗೇ ಇರಲಿಲ್ಲ, ಅವ ಯಾಕ ಮಹಡಿ ಹತ್ತಿದ್ನೋ ನಮಗ ಗೊತ್ತಿಲ್ಲ ಅಂತಾನ. ಪೇಪರಿನಾಗ ಬಂದ ಫೋಟೋನೂ ತೋರಿಸ್ಯಾನ."

ಕಡೆಯ ದಿನ ದೃಷ್ಟಿ ತೆಗೆದು, ಕುಂಕುಮ ತುಂಬಿದ ಬೂದುಗುಂಬಳಕಾಯಿಯನ್ನು ನೆಲಕ್ಕೆ ಒಡೆದರೆ ಶೂಟಿಂಗ್ ಮುಗಿಯಿತೆಂದೇ ಲೆಕ್ಕ. ಪತ್ರಿಕೆಗಳೂ ಹಾಗೆಯೇ ಬರೆಯುತ್ತವೆ. ಅದು ಸೌಮ್ಯಳಿಗೂ ಗೊತ್ತಿತ್ತು.

"ಜೊತೇಲಿದ್ದ ಫೈಟರ್‌ಗಳು?"

"ಯಾರೂ ಬಾಯಿ ಬಿಡವಲ್ರು. ಮುಂದ ಕೆಲಸಕ್ಕ ಕರೀಬೇಕಲ್ರಿ ಅವರನ್ನ." ಶಂಕ್ರವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಪರಿಹಾರಕ್ಕ ಲೇಬರ್ ಆಫೀಸಿನ್ಯಾಗ ಅರ್ಜಿ ಕೊಟ್ಟೀನ್ರಿ, ಆದ್ರ ರೊಕ್ಕದ ಮಾತು ಆಮ್ಯಾಲಿಂದ್ರಿ. ಕುಡದಿರಲಿಲ್ಲ, ಕೆಲಸ ಮಾಡ್ಕೋತ ಬಿದ್ದಾನ ಅಂತ ಆ ಲೇಬರ್ ಸಾಹೇಬ್ರು ಒಂದು ಮಾತು ಹೇಳಿದ್ರ ಸಾಕು. ಊರಾಗ ನಮ್ಮ ಮಾವನವ್ರು, ಕುಡದು ಸತ್ತವನ ಹೆಸರು ಮನ್ಯಾಗ ಎತ್ತಬ್ಯಾಡ ಅಂದಾರ್ರಿ. ಅದಕ ಈ ಪಿಚ್ಚರ್ ಬರಲಿ ಅಂತ ಕಾಯಾಕತ್ತೀನಿ. ಆ ಶಾಟ್ ಇದ್ದ ಇರ್ತೈತಿ. ಅಷ್ಟು ಜೀವ ಹಾಕಿ ತಗದದ್ದು, ಬಿಡ್ತಾರೇನ್ರಿ?"

ಬಿಳಿ ಚೂರುಗಳು ಆಗ ಸೌಮ್ಯಳ ಕಣ್ಣ ಮುಂದೆ ಬಂದವು. ಆ ಕೆಂಪು ಹರಿದಿರಲಿಲ್ಲ, ಪುಡಿ ಪುಡಿಯಾಗಿತ್ತು. ಅದು ಬುರುಡೆಯಲ್ಲ. ಕುಂಬಳಕಾಯಿ ಒಡೆದ ಮೇಲೆಯೂ ಕ್ಯಾಮೆರಾ ಓಡುತ್ತಿತ್ತು, ಗುರುಸಿದ್ದ ಕೆಲಸದಲ್ಲೇ ಬಿದ್ದ ಎಂದು ಹೇಳಲು ಆ ಚೂರುಗಳೇ ಸಾಕಾಗಿದ್ದವು. ಕೈಲಾಸ್ ಯಾಕೆ ಎದುರಾಡಲಿಲ್ಲ ಎಂಬುದೂ ತಿಳಿಯಿತು. ತನ್ನ ಮನೆಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಮನುಷ್ಯ ತನ್ನೆದುರೇ ಬಿದ್ದಿದ್ದ. ತಾನು ಮೋಟಾರಿನ ಚಿಂತೆ ಮಾಡುತ್ತ ಕೂತಿದ್ದಳು. ಎದೆ ಒಡೆಯಬೇಕಿತ್ತು. ಏನೂ ಅನ್ನಿಸಲಿಲ್ಲ. ತನಗೆ ಏನೂ ಅನ್ನಿಸುತ್ತಿಲ್ಲ ಎಂಬುದಕ್ಕೇ ಅವಳಿಗೆ ನಾಚಿಕೆಯಾಯಿತು.

"ಒಬ್ಬಾಕಿಗೇ ಹೋಗಾಕ ಧೈರ್ಯ ಇಲ್ರಿ. ನೀವೂ ಬರ್ರಿ ಅಕ್ಕಾರ" ಎಂದಳು ಶಂಕ್ರವ್ವ. ಸೌಮ್ಯ ಹೂಂ ಎಂದಳು. ಹೇಳಬೇಕಾದದ್ದನ್ನು ಹೇಳಲಿಲ್ಲ.

ಮಾರನೆಯ ದಿನ ಅವಳು ಸಮಿತಿಯ ಅಧಿಕಾರಿಗೆ ಫೋನ್ ಮಾಡಿದಳು. "ಸಾರ್, ಕತ್ತರಿಸಿದ ಭಾಗ ಎಲ್ಲಿರುತ್ತೆ?"

"ನಮ್ಮ ಹತ್ರಾನೇ ಇರುತ್ತೆ ಮೇಡಂ. ಯಾಕೆ?"

"ಯಾರಾದ್ರೂ ಕೇಳಿದ್ರೆ ಕೊಡ್ತೀರಾ?"

"ಯಾರಾದ್ರೂ ಕೇಳಿದ್ರೆ ಕೊಡೋಕಾಗುತ್ತಾ? ಕೋರ್ಟೋ, ಸರ್ಕಾರದ ಅಧಿಕಾರಿಗಳೋ ಕೇಳ್ಬೇಕು. ಅಂಥದ್ದೊಂದು ಇದೆ ಅಂತ ಅವ್ರಿಗೆ ಗೊತ್ತಿದ್ರೆ ತಾನೇ ಕೇಳೋದು. ಮೇಡಂ, ಒಳಗೆ ನೋಡಿದ್ದನ್ನ ಹೊರಗೆ ಮಾತಾಡೋ ಹಾಗಿಲ್ಲ, ನೆನಪಿದೆ ಅಲ್ವಾ?"

ಫೋನಿಟ್ಟ ಮೇಲೆ, ಸೋಫಾದಲ್ಲಿ ಕಾಲು ಮಡಿಸಿ ಕೂತು ಎಲ್ಲ ಕೇಳಿಸಿಕೊಂಡಿದ್ದ ಗಂಗಾಧರಯ್ಯನವರಿಗೆ ವಿಷಯ ಹೇಳಲೇಬೇಕಾಯಿತು. ಅವರು ಅಗಿಯುತ್ತಿದ್ದ ಎಲೆ ಅಡಿಕೆಯನ್ನು ದವಡೆಗೆ ಒತ್ತಿಕೊಂಡರು.

"ನಮಗ್ಯಾಕಮ್ಮ ಈ ಉಸಾಬರಿ? ಆಚೆ ಹೇಳಲ್ಲ ಅಂತ ಸೈನ್ ಹಾಕಿದೀಯ. ನಿನ್ನ ಕುರ್ಚೀನೂ ಹೋಯ್ತದೆ, ಕೊಡಿಸ್ದೋನು ಅಂತ ನನ್ನ ಮರ್ಯಾದೇನೂ ಹೋಯ್ತದೆ. ಆವಯ್ಯ ಏನು ಎದ್ದು ಬತ್ತಾನಾ? ಪಾಪ ಅನ್ಸಿದ್ರೆ ಆ ಹುಡುಗೀದು ಈ ತಿಂಗಳ ಬಾಡಿಗೆ ಬುಟ್ಟಾಕು."

"ಆಯ್ತು ಮಾವ" ಎಂದಳು ಸೌಮ್ಯ. ಗಂಡ ಹೋದಂದಿನಿಂದ ಅವಳು ಎಲ್ಲಕ್ಕೂ ಹೇಳುತ್ತಿದ್ದ ಮಾತು ಅದೇ.

ಭಾನುವಾರ ಇಬ್ಬರೂ ಬನಶಂಕರಿಯ ಥಿಯೇಟರಿಗೆ ಹೋದರು. ಶಂಕ್ರವ್ವ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಟಿಕೆಟ್ ತಾನೇ ತೆಗೆಸುತ್ತೇನೆಂದು ಹಟ ಮಾಡಿದಳು. ಸಿನಿಮಾ ಶುರುವಾದಾಗಿನಿಂದ ಕುರ್ಚಿಯ ತುದಿಯಲ್ಲೇ ಕೂತಿದ್ದಳು. ಯಾರಾದರೂ ಬೆನ್ನು ತೋರಿಸಿದರೆ ಸಾಕು, ಕತ್ತು ಮುಂದೆ ಚಾಚುತ್ತಿದ್ದಳು. ದಾರಿಯಲ್ಲೇ ಹೇಳಿಬಿಡಬೇಕೆಂದು ಸೌಮ್ಯ ಅಂದುಕೊಂಡಿದ್ದಳು. ಇಂಟರ್‌ವಲ್ಲಿನಲ್ಲೂ ಅಂದುಕೊಂಡಳು. ಎರಡು ಕಾಫಿ ತಂದಳು, ಅಷ್ಟೇ.

ಕಟ್ಟಡದ ಮೂರನೇ ಮಹಡಿ ಬಂತು. ಶಂಕ್ರವ್ವ ಅವಳ ಮುಂಗೈ ಹಿಡಿದುಕೊಂಡಳು.

"ಇದ ಇರಬೇಕ್ರಿ."

ನಾಲ್ಕು ಜನ ನಾಯಕನನ್ನು ಅಂಚಿಗೆ ತಳ್ಳಿಕೊಂಡು ಬಂದರು. ನಾಯಕ ಕೆಳಗೆ ನೋಡಿದ. ಮರುಕ್ಷಣ ಕೆಳಗೆ ನಿಂತಿದ್ದ. ಥಿಯೇಟರಿನ ತುಂಬ ಶಿಳ್ಳೆ ಬಿತ್ತು. ಶಂಕ್ರವ್ವ ಕೈ ಬಿಡದೆ ಕಾಯುತ್ತಿದ್ದಳು. ಹೊಡೆದಾಟ ಮುಗಿದು, ನಾಯಕಿ ಬಂದು ಅತ್ತು, ಪೊಲೀಸರ ಜೀಪು ಬಂದರೂ ಕಾಯುತ್ತಲೇ ಇದ್ದಳು.

"ಮುಂದ ಬರ್ತೈತೇನ್ರಿ ಅಕ್ಕಾರ?"

"ಬರಲ್ಲ ಶಂಕ್ರವ್ವ. ಅಲ್ಲೇ ಇತ್ತು. ನಾನೇ ತೆಗೆಸ್ದೆ." ಸೌಮ್ಯಳಿಗೆ ತನ್ನ ದನಿ ಬೇರೆ ಯಾರದೋ ಅನ್ನಿಸಿತು. "ಪಕ್ಕದಲ್ಲಿ ಒಡೆದ ಕುಂಬಳಕಾಯಿ ಬಿದ್ದಿತ್ತು. ನಾನು ರಕ್ತ ಅಂದ್ಕೊಂಡೆ. ಅವ್ರು ಅಂತ ಗೊತ್ತಾಗ್ಲಿಲ್ಲ ನಂಗೆ."

ಮುಂಗೈ ಮೇಲಿನ ಹಿಡಿತ ಸಡಿಲವಾಯಿತು. ಶಂಕ್ರವ್ವ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೋಗಿದ್ದರೂ ಚೆನ್ನಾಗಿತ್ತು.

"ಆಂಟಿ, ಮನೇಲಿ ಮಾತಾಡ್ಕೊಳ್ರೀ" ಎಂದ ಹಿಂದಿನ ಸಾಲಿನವನು.

ಶಂಕ್ರವ್ವ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು: "ನೀವು ನೋಡೀರಿ ಹಂಗಾರ."

"ನೋಡಿದೀನಿ."

"ಬಿದ್ದ ಮ್ಯಾಲೆ ಎದ್ದರೇನ್ರಿ?"

ಸೌಮ್ಯ ನೆನಪು ಮಾಡಿಕೊಂಡಳು. ಆ ದಿನ ನೋಡಿದ್ದೆನೆಂದು ತನಗೇ ಗೊತ್ತಿರದಿದ್ದ ಒಂದಿಷ್ಟು ಈಗ ಮೇಲೆ ಬಂತು. "ಏಳೋಕೆ ನೋಡಿದ್ರು. ಕೈ ಊರಿದ್ರು."

"ಯಾವ ಕೈ?"

"ಎಡಗೈ."

ಶಂಕ್ರವ್ವನ ಬಾಯಿಂದ ಉಸಿರು ಹೊರಬಿತ್ತು. "ಎಡಚ ಇದ್ರು" ಎಂದಳು. "ಉಣ್ಣೂದೊಂದು ಬಿಟ್ರ ಎಲ್ಲಾ ಎಡಗೈಲೇ ಮಾಡ್ತಿದ್ರು." ಸೌಮ್ಯಳತ್ತ ತಿರುಗಿ, "ಲೇಬರ್ ಸಾಹೇಬ್ರ ಮುಂದ ಇದನ್ನ ಹೇಳ್ತೀರೇನ್ರಿ?" ಎಂದಳು.

ಸೌಮ್ಯಳಿಗೆ ಮಾವನ ಮುಖ ನೆನಪಾಯಿತು, ಹಾಕಿದ ಸೈನ್ ನೆನಪಾಯಿತು. ಕೈಲಾಸ್ ಯಾರು ಯಾರ ಕಿವಿಗೆ ಹಾಕಿಯಾನು ಎಂದೂ ಅನ್ನಿಸಿತು. ಅವಳಿಗೆ ಭಯವಾಯಿತು. ಗಂಡ ಹೋದ ಮೇಲೆ ಅವಳಿಗೆ ಹೀಗೆ ಭಯವಾದದ್ದು ಇದೇ ಮೊದಲು.

"ಹೇಳ್ತೀನಿ" ಎಂದಳು. ಮಾತು ಗಟ್ಟಿಯಾಗಿಯೇ ಬಂತು. ಹಿಂದಿನವನು ಮತ್ತೆ ಶ್ ಎಂದ.

"ಮೊದಲಿಂದ ಹೇಳ್ರಿ ಅಕ್ಕಾರ. ಅಂಚಿಗೆ ಬಂದು ನಿಂತದ್ದರಿಂದ."

ಸೌಮ್ಯ ಅವಳತ್ತ ಬಾಗಿ ಹೇಳತೊಡಗಿದಳು. ಪರದೆಯ ಮೇಲೆ ಹಾಡು ಶುರುವಾಗಿ ಎಲ್ಲರ ಮುಖಗಳ ಮೇಲೂ ಹಳದಿ ಬೆಳಕು ಬಿತ್ತು. ಶಂಕ್ರವ್ವ ಕಣ್ಣು ಮುಚ್ಚಿಕೊಂಡು ನೋಡುತ್ತಿದ್ದಳು.