ಹರಿದ ಬಟ್ಟೆಯ ಮೂಟೆ

ಗಂಡ ಬಿದ್ದು ಹಾಸಿಗೆ ಹಿಡಿದ ಮೇಲೆ ಇಬ್ಬರು ಹೆಣ್ಣುಮಕ್ಕಳ ಹೊಟ್ಟೆಪಾಡು ದರ್ಜಿ ಹೆಂಗಸೊಬ್ಬಳ ಹೆಗಲಿಗೇ ಬಿತ್ತು. ಹೊಲಿಗೆ ಯಂತ್ರವಿತ್ತು, ಬಟ್ಟೆ ಕೊಳ್ಳಲು ಕಾಸಿರಲಿಲ್ಲ. ದಾನದ ಬಟ್ಟೆ ಹಂಚುವ ಕೋಣೆಯಲ್ಲಿ ಅವಳು ನೇರವಾಗಿ ಮೂಲೆಯ ಮೂಟೆಗೆ ಕೈಹಾಕಿದಳು.

"ಅಯ್ಯೋ, ಅದು ಹರಿದಿದ್ದು ಕಣಮ್ಮ, ಎಸೆಯೋಕಿಟ್ಟಿದ್ದು," ಎಂದರು ಹಂಚುತ್ತಿದ್ದ ಅಜ್ಜಿ.

"ಅದೇ ಕೊಡಿ ಅಜ್ಜಿ. ಒಳ್ಳೇದಾದ್ರೆ ಉಟ್ಟು ಹರೀತೀನಿ, ಹರಿದಿದ್ದಾದ್ರೆ ದುಡಿದು ತಿಂತೀನಿ."

"ಅತ್ತಿಗೆ, ಜನ ಚಿಂದಿ ಆಯೋಳು ಅಂತಾರೆ," ಎಂದು ಜೊತೆಗೆ ಬಂದಿದ್ದ ನಾದಿನಿ ಪಿಸುಗುಟ್ಟಿದಳು.

"ಅನ್ನಲಿ ಬಿಡೇ. ಅವರ ಮಕ್ಕಳಿಗೂ ನಾನೇ ಹೊಲಿದುಕೊಡ್ತೀನಿ."

ಅಂಗಿಯ ತೋಳು ಹರಿದರೂ ಬೆನ್ನು ಗಟ್ಟಿಯಿರುತ್ತದೆ. ಎರಡು ಬೆನ್ನು ಕೂಡಿಸಿದರೆ ಒಂದು ಫ್ರಾಕು. ಆ ಮೂಟೆಯಿಂದ ಅವಳು ಹನ್ನೆರಡು ಫ್ರಾಕು ಹೊಲಿದಳು. ವಾರದಲ್ಲಿ ಹನ್ನೆರಡೂ ಮಾರಿಹೋಗಿ, ಮನೆಯಲ್ಲಿ ಎರಡು ಹೊತ್ತೂ ಒಲೆ ಹತ್ತಿತು.

ಸೋಮವಾರ ಅವಳು ಮತ್ತೆ ದಾನದ ಕೋಣೆಯ ಬಾಗಿಲಲ್ಲಿದ್ದಳು: "ಅಜ್ಜಿ, ಎಷ್ಟು ಮೂಟೆ ಇದ್ರೂ ಎಸೀಬೇಡಿ!"